ನೆಟ್ಟಗೂ ಇಲ್ಲ, ಗುಂಗುರೂ ಅಲ್ಲ

ನಮ್ಮ ಮನೆಯಲ್ಲಿ ಈಗ ಕೂದಲಿಗೂ ಪ್ರವರ್ಗ ಬಂದಿದೆ.

ಹೋದ ಬೇಸಿಗೆಯಲ್ಲಿ ಮಗಳು ಬೆಂಗಳೂರಿನಿಂದ ರಜೆಗೆ ಬಂದಳು. ಬ್ಯಾಗು ಕೆಳಗಿಡುವ ಮೊದಲೇ ನನ್ನ ತುರುಬು ಬಿಚ್ಚಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ತಲೆಯನ್ನು ಆಚೆ ಈಚೆ ಹೊರಳಿಸಿ, “ಅಮ್ಮ, ನಿಂದು 2ಬಿ. ನಂದೂ 2ಬಿ” ಎಂದು ತೀರ್ಪು ಕೊಟ್ಟಳು. ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ನಮ್ಮ ಮನೆಯವರ ಕಿವಿಗೆ ಬಿದ್ದದ್ದು ಅಷ್ಟು ಮಾತ್ರ. ಅವಳ ಸೀಟಿನ ಸಲುವಾಗಿ ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು ಅಂತ ಎರಡು ಜೊತೆ ಚಪ್ಪಲಿ ಸವೆಸಿದ ಮನುಷ್ಯ. “ಏ, ಯಾರು ಹೇಳಿದ್ರು 2ಬಿ ಅಂತ? ನಮ್ದು 2ಎ. ಬೀರುದಾಗ ಐತಿ, ತೆಗೆದು ನೋಡು!” ಎಂದು ಗಾಬರಿಯಿಂದ ಎದ್ದೇ ಬಂದರು.

ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿತು. ಅಮೆರಿಕದಲ್ಲಿ ಓಪ್ರಾ ವಿನ್‌ಫ್ರೇ ಅವರ ತಲೆ ಬಾಚುತ್ತಿದ್ದ ಆಂಡ್ರೆ ವಾಕರ್ ಎಂಬಾತ 1990ರ ದಶಕದಲ್ಲಿ ಲೋಕದ ಕೂದಲನ್ನೆಲ್ಲ ನಾಲ್ಕು ಪಂಗಡ ಮಾಡಿದನಂತೆ. ನೆಟ್ಟನೆಯದು 1, ಅಲೆಅಲೆಯಾದದ್ದು 2, ಸುರುಳಿ 3, ಸ್ಪ್ರಿಂಗಿನಂಥ ಬಿಗಿ ಗುಂಗುರು 4. ಆಮೇಲೆ ಅದರೊಳಗೆ ಎ, ಬಿ, ಸಿ ಅಂತ ಒಳಪಂಗಡ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ನೋಡಿಯೇ ಬರೆದನೇನೋ ಅನ್ನಬೇಕು: ಪ್ರವರ್ಗ 1, 2ಎ, 2ಬಿ, 3ಎ, 3ಬಿ. 2ಸಿ ಅಂತ ಒಂದನ್ನು ನಮ್ಮ ಸರ್ಕಾರವೂ 2023ರಲ್ಲಿ ಮಾಡಿತ್ತು. ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಅಲ್ಲೇ ನಿಂತಿತು. ಕೂದಲಿನ 2ಸಿಗೆ ಮಾತ್ರ ಇನ್ನೂ ಯಾರೂ ತಕರಾರು ತೆಗೆದಿಲ್ಲ.

“ಅದರಿಂದ ಮೀಸಲಾತಿ ಏನರ ಸಿಗತೈತೇನು?” ಎಂದು ನಮ್ಮತ್ತೆ ಅಡುಗೆಮನೆಯಿಂದ ಕೇಳಿದರು.

“ಇಲ್ಲಬೇ ಯವ್ವಾ, ಖರ್ಚು ಸಿಗತೈತಿ” ಎಂದರು ನಮ್ಮವರು, ಮತ್ತೆ ಪೇಪರಿನೊಳಗೆ ಹೊಕ್ಕು.

ನನ್ನ ಕೂದಲು ನೆಟ್ಟಗೂ ಇಲ್ಲ, ಗುಂಗುರೂ ಅಲ್ಲ. ಬಾಚಿದರೆ ಬಾಚಿದ ಹಾಗೆ ಇರುವುದಿಲ್ಲ, ಬಾಚದೆ ಬಿಟ್ಟರೆ ಬಿಟ್ಟ ಹಾಗೂ ಇರುವುದಿಲ್ಲ. ಕನ್ನಡದಲ್ಲಿ ಇಂಥ ಕೂದಲಿಗೆ ಮಾತಿಲ್ಲ ಅಂತಲ್ಲ. ಕವಿಗಳ ಹತ್ತಿರ ಹೋದರೆ ಕುರುಳು, ಮುಂಗುರುಳು, ನೀಳ್ಗುರುಳು ಅಂತ ಬುಟ್ಟಿ ತುಂಬ ಸಿಗುತ್ತವೆ. ಮುಂಗುರುಳಿನ ಹೊಟ್ಟೆಯಲ್ಲೇ ಕುರುಳು ಕೂತಿದೆ. ಹಣೆಯ ಮೇಲೆ ಒಂದಿಷ್ಟಾದರೂ ಸೊಟ್ಟಗಾಗದ ಕೂದಲಿಗೆ ಆ ಹೆಸರು ಸಲ್ಲುವುದೇ ಇಲ್ಲ. ಅದೇ ಕುರುಳು ಪುಸ್ತಕದಿಂದ ಇಳಿದು ನಮ್ಮ ಪಡಸಾಲೆಗೆ ಬಂದರೆ, “ಏನಬೇ, ದೆವ್ವ ಬಡದಂಗ ತಲಿ ಬಿಟ್ಕೊಂಡೀ? ಎಣ್ಣಿ ಹಚ್ಚಿ ಜಡಿ ಹಾಕ್ಕೋ” ಆಗುತ್ತದೆ. ದ್ರೌಪದಿ ಹದಿಮೂರು ವರ್ಷ ಮುಡಿ ಕಟ್ಟಲಿಲ್ಲ ಎಂದು ಹೇಳುವಾಗ ಕೈ ಮುಗಿಯುವ ಮಂದಿ, ನಾನು ಹದಿಮೂರು ನಿಮಿಷ ಕೂದಲು ಹರವಿಕೊಂಡು ಕೂತರೆ ಹಣಿಗೆ ಹುಡುಕುತ್ತಾರೆ.

ನನ್ನ ತವರು ಸಿರುಗುಪ್ಪದ ಕಡೆ. ನಮ್ಮವ್ವನಿಗೆ ನನ್ನ ತಲೆ ಎಂದರೆ ಒಂದು ಹಳೆಯ ವ್ಯಾಜ್ಯ. ಶಾಲೆಗೆ ಹೋಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ, ಕಿವಿಯ ಹಿಂದೆ ಹರಿದು ಬರುವವರೆಗೆ ತಿಕ್ಕಿ, ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ನಿನಲ್ಲಿ ಮಡಚಿ ಕಟ್ಟುತ್ತಿದ್ದಳು. ಎಷ್ಟು ಬಿಗಿ ಎಂದರೆ ನನ್ನ ಹುಬ್ಬೆರಡೂ ಮೇಲೇರಿ, ಸಂಜೆಯವರೆಗೂ ಏನೋ ಕಂಡು ಆಶ್ಚರ್ಯಪಟ್ಟವಳ ಹಾಗೆ ಇರುತ್ತಿದ್ದೆ. ಮೇಷ್ಟ್ರು ಪಾಠ ಮಾಡುವಾಗ ಈ ಹುಡುಗಿಗೆ ಎಲ್ಲಾ ಹೊಸದಾಗಿ ತಿಳಿಯುತ್ತಿದೆ ಎಂದು ಖುಷಿಪಟ್ಟಿದ್ದೂ ಉಂಟು. ಇಷ್ಟು ಮಾಡಿದರೂ ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಹಣೆಯ ಮೇಲೆ ಎರಡು ಎಳೆ ಸೊಟ್ಟಗೆ ಇಳಿದು ಅವ್ವನ ಮಾನ ಕಳೆಯುತ್ತಿದ್ದವು.

ಎಣ್ಣೆಗೆ ಬಗ್ಗದ್ದಕ್ಕೆ ದೇವರ ಮೊರೆ. ಬೋಳಿಸಿದರೆ ನೆಟ್ಟಗೆ ಬರುತ್ತದೆ ಎಂದು ಯಾರೋ ಹೇಳಿದರು. ತಿರುಪತಿಗೆ ಎರಡು ಸಲ ಮುಡಿ ಕೊಟ್ಟದ್ದಾಯಿತು. ಎರಡು ಸಲವೂ ಹೋದಂತೆಯೇ ವಾಪಸು ಬಂತು. ತಿಮ್ಮಪ್ಪನ ತಪ್ಪೇನೂ ಇಲ್ಲ. ಕೂದಲಿನ ಸೊಟ್ಟು ಇರುವುದು ಕೂದಲಿನಲ್ಲಲ್ಲ, ನೆತ್ತಿಯ ಚರ್ಮದೊಳಗೆ ಅದು ಹುಟ್ಟುವ ಗುಳಿಯಲ್ಲಿ. ಶಾವಿಗೆ ಒತ್ತುವ ಅಚ್ಚು ವಾರೆ ಇದ್ದರೆ ಎಳೆಯೂ ವಾರೆ. ಎಳೆ ಕತ್ತರಿಸಿ ದೇವರಿಗೆ ಕೊಟ್ಟರೆ ಅಚ್ಚು ಹೇಗೆ ನೆಟ್ಟಗಾದೀತು?

ಹೀಗೆಲ್ಲ ಇದ್ದರೂ ಸಿರುಗುಪ್ಪದಲ್ಲಿ ನನ್ನ ಕೂದಲು ಮೆತ್ತಗಿತ್ತು, ಹೊಳೆಯುತ್ತಿತ್ತು. ಮದುವೆಯಾಗಿ ಸಂಗನಕಲ್ಲಿಗೆ ಬಂದೆ ನೋಡಿ, ಆರು ತಿಂಗಳಲ್ಲಿ ತೆಂಗಿನ ನಾರು. ಬಾಚಿದರೆ ಹಣಿಗೆಯ ಹಲ್ಲು ಮುರಿಯುವುದು. ನಮ್ಮತ್ತೆ, “ತವರಮನಿ ಚಿಂತಿ ಮಾಡಿದ್ರ ಹಿಂಗಾಗತೈತಿ” ಎಂದರು. ನಾನು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಮನಸ್ಸಿನಲ್ಲಿ ಮಾತ್ರ, ಇವರು ಕೊಡುವ ಸೀಗೆಪುಡಿಯಲ್ಲೇ ಏನೋ ಇದೆ ಎಂದು ಗಟ್ಟಿ ಮಾಡಿಕೊಂಡೆ. ಆ ಅನುಮಾನವನ್ನು ಮೂವತ್ತು ವರ್ಷ ಸಾಕಿದ್ದೇನೆ.

ನಡುವೆ ಒಮ್ಮೆ ಪಾರ್ಲರಿಗೂ ಹೋಗಿ ಬಂದೆ. ಅದಕ್ಕೆ ಕಾರಣ ಕುರುಗೋಡಿನ ನಮ್ಮ ನಾದಿನಿ. ಅವಳದು ಹಗ್ಗ ಬಿಟ್ಟ ಹಾಗೆ ನೆಟ್ಟನೆಯ ಕೂದಲು. ದೊಡ್ಡಬಸವೇಶ್ವರನ ತೇರಿಗೆ ಮಲ್ಲಿಗೆ ಮುಡಿದು ಹೊರಟರೆ ಗುಡಿ ಮುಟ್ಟುವ ಮೊದಲೇ ಹೂವು ಜಾರಿ ಬೆನ್ನಿನ ಮೇಲಿರುತ್ತದೆ. ಅವಳ ಮಗನ ಮದುವೆಗೆ ಮುಂಚೆ, “ವೈನಿ, ಸ್ಮೂದನಿಂಗ್ ಮಾಡಿಸ್ಕೊಂಡು ಬಿಡ್ರಿ, ಫೋಟೋದಾಗ ಛಲೋ ಬರತೀರಿ” ಎಂದಳು. ಯಾವ ಪಾರ್ಲರು ಎಂದು ಹೇಳುವುದಿಲ್ಲ. ಅವರು ಹೇಳಿದ್ದನ್ನೇ ಮಾಡಿದರು, ತಪ್ಪೇನಿದ್ದರೂ ಒಪ್ಪಿ ಕೂತ ನನ್ನದು. ಕೊಳೆತ ತತ್ತಿಯ ವಾಸನೆಯ ಒಂದು ಕ್ರೀಮು ಬಳಿದರು. ಕೂದಲಿನೊಳಗೆ ಗಂಧಕದ ಕೊಂಡಿಗಳಿವೆಯಂತೆ, ಅವನ್ನು ಬಿಚ್ಚಿ ನೆಟ್ಟಗೆ ಮಾಡಿ ಮತ್ತೆ ಬೆಸೆಯುತ್ತಾರಂತೆ. ಮೂರು ದಿನ ನೀರು ಮುಟ್ಟಿಸಬಾರದು, ಕ್ಲಿಪ್ಪು ಹಾಕಬಾರದು, ಕಿವಿಯ ಹಿಂದೆ ಸಿಗಿಸಬಾರದು. ಮೈಲಿಗೆಯೋ ಮಡಿಯೋ ತಿಳಿಯದೆ ಮೂರು ದಿನ ಕತ್ತು ನೆಟ್ಟಗೆ ಹಿಡಿದು ಓಡಾಡಿದೆ.

ಫೋಟೋದಲ್ಲಿ ಚೆನ್ನಾಗಿಯೇ ಬಂದೆ. ಆದರೆ ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ, ಮತ್ತು ಬೆಳೆಯುವುದು ಹಳೆಯ ಅಚ್ಚಿನಿಂದಲೇ. ವರ್ಷ ತುಂಬುವಷ್ಟರಲ್ಲಿ ಕಿವಿಯವರೆಗೆ ಅಲೆ, ಅಲ್ಲಿಂದ ಕೆಳಗೆ ಗೆರೆ ಹೊಡೆದ ಹಾಗೆ ನೆಟ್ಟಗೆ. ನಮ್ಮವರು ಒಂದು ದಿನ ಹಿಂದಿನಿಂದ ನೋಡಿ, “ಮ್ಯಾಲೆ ತುಂಗಭದ್ರಾ ಹೊಳಿ, ಕೆಳಗ ಎಚ್ಚೆಲ್ಸಿ ಕಾಲುವಿ” ಎಂದರು. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವರು ನನ್ನ ಕೂದಲನ್ನು ಕುರಿತು ಆಡಿದ ಒಂದೇ ಉಪಮೆ ಅದು.

ಇರಲಿ, ಮಗಳ ವಿಷಯಕ್ಕೆ ಬರೋಣ. ಅವಳು ಹಿಡಿದು ಬಂದದ್ದು ನ್ಯೂಯಾರ್ಕಿನ ಲೊರೇನ್ ಮ್ಯಾಸಿ ಎಂಬವರು ‘ಕರ್ಲಿ ಗರ್ಲ್’ ಎಂಬ ಪುಸ್ತಕ ಬರೆದು ಹಬ್ಬಿಸಿದ ವ್ರತ. ನೊರೆನೊರೆಯ ಶಾಂಪೂ ಬೇಡ, ಸಿಲಿಕೋನ್ ಬೇಡ, ಒಣ ಕೂದಲಿಗೆ ಹಣಿಗೆ ಬೇಡ, ಬಿಸಿಗಾಳಿ ಬೇಡ. ನಿಯಮ ಕೇಳಿದ ನಮ್ಮತ್ತೆಗೆ ಶ್ರಾವಣವೇ ಬಂತೆನಿಸಿರಬೇಕು, “ಉಳ್ಳಾಗಡ್ಡಿ ತಿನಬೌದೇನು?” ಎಂದು ಕೇಳಿದರು.

ವ್ರತದ ಮೊದಲ ಪಾಠ ಬಚ್ಚಲಲ್ಲೇ ಆಯಿತು. ತಲೆ ಎರೆದುಕೊಂಡು, ಕಂಡೀಷನರ್ ಹಚ್ಚಿ, ಕೂದಲು ತೊಟ್ಟಿಕ್ಕುತ್ತಿರುವಾಗಲೇ ಅಗಲ ಹಲ್ಲಿನ ಹಣಿಗೆಯಲ್ಲಿ ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲಕ್ಕೆ ಬರಬೇಕು. ಆಮೇಲೆ ಬಗ್ಗಿ ನಿಂತು, ಕೂದಲನ್ನು ಅಂಗೈಯಲ್ಲಿ ತುಂಬಿಕೊಂಡು, ತಲೆಯ ಕಡೆಗೆ ಎತ್ತಿ ಮೆಲ್ಲಗೆ ಹಿಂಡಬೇಕು. ಇದನ್ನು ಇಂಗ್ಲಿಷಿನಲ್ಲಿ ‘ಸ್ಕ್ರಂಚ್’ ಎಂದು ಹೇಳಿ ನಾಲ್ಕು ವಿಡಿಯೋ ತೋರಿಸಿದಳು. ನನಗೆ ಹತ್ತಲಿಲ್ಲ. ಕಡೆಗೆ ನಾನೇ, “ಒಗ್ಗರಣಿಗೆ ಮಂಡಕ್ಕಿ ಹಿಂಡಿದಂಗಲ್ಲೇನೇ?” ಎಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು, “ಹೌದು” ಎಂದಳು. ಬಳ್ಳಾರಿ ಜಿಲ್ಲೆಯ ಹೆಂಗಸಿಗೆ ಮಂಡಕ್ಕಿ ಹಿಂಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ನೀರಿಗೆ ಹಾಕಿ, ನೆನೆಯಿತು ಎನ್ನುವಷ್ಟರಲ್ಲಿ ಎತ್ತಿ, ನೀರು ಇಳಿಯಬೇಕು, ಕಾಳು ಜಜ್ಜಬಾರದು. ಅಷ್ಟೇ ಕೈ, ಅಷ್ಟೇ ಒತ್ತಡ. ಮಿರ್ಚಿ ಒಂದು ಇಲ್ಲ.

ಹೀಗೆ ಹಿಂಡುವುದಕ್ಕೆ ಕಾರಣವಿದೆ. ಒದ್ದೆಯಾದಾಗ ಕೂದಲಿನೊಳಗಿನ ಜಲಜನಕದ ಕೊಂಡಿಗಳು ಸಡಿಲಾಗುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಯಾವ ಆಕಾರದಲ್ಲಿ ಒಣಗಿತೋ, ಮುಂದಿನ ನೀರು ಬೀಳುವವರೆಗೆ ಅದೇ ಆಕಾರ. ಹಾಗಾಗಿ ಒಣಗುವ ಹೊತ್ತಿನಲ್ಲಿ ಕೈ ಹಾಕಬಾರದು. ಇದೇ ನೋಡಿ, ನನಗೆ ಈ ವ್ರತದಲ್ಲಿ ಅತಿ ಕಷ್ಟದ್ದು. ನಾವು ಚಿಕ್ಕವರಿದ್ದಾಗಿನಿಂದ ಮಾಡಿಕೊಂಡು ಬಂದದ್ದೇನು? ತಲೆ ಎರೆದುಕೊಂಡು ಬಂದು, ಬಿಸಿಲಿಗೆ ಬೆನ್ನು ಕೊಟ್ಟು, ದಪ್ಪ ಟವೆಲ್ಲಿನಿಂದ ಪಟಪಟನೆ ಬಡಿಯುವುದು. ಒಣಗಿದ ಮೇಲೆ ಹಣಿಗೆ ಹಾಕಿ ನೆತ್ತಿಯಿಂದ ತುದಿಯವರೆಗೆ ಎಳೆಯುವುದು. ಕೂಡುತ್ತಿದ್ದ ಕೊಂಡಿಗಳನ್ನೆಲ್ಲ ಹೀಗೆ ಬಡಿದು ಬಿಡಿಸಿ, ಆಮೇಲೆ “ಯಾಕ ಹಿಂಗ ಕೆದರತೈತಿ?” ಎಂದು ಕೂದಲನ್ನೇ ಕೇಳುವುದು.

ಮಗಳು ಟವೆಲ್ ಕಿತ್ತುಕೊಂಡು ಅಪ್ಪನ ಹಳೇ ಪಂಚೆ ಕೊಟ್ಟಳು. ತೆಳ್ಳಗಿನ, ಸವೆದ ಹತ್ತಿ ಬಟ್ಟೆ ಕೂದಲನ್ನು ಉಜ್ಜುವುದಿಲ್ಲ, ನೀರನ್ನಷ್ಟೇ ಕುಡಿಯುತ್ತದೆ. ಕೂದಲನ್ನು ಅದರಲ್ಲಿ ಗಂಟುಕಟ್ಟಿ ಕಾಲು ಗಂಟೆ ಬಿಡಬೇಕು. ತಲೆಯ ಮೇಲೆ ಬುತ್ತಿಗಂಟು ಹೊತ್ತವಳಂತೆ ನಾನು ರೊಟ್ಟಿ ಬಡಿಯುತ್ತಿದ್ದರೆ ನೋಡಲು ಬಂದವರು, “ಹೊಲಕ್ಕ ಹೊಂಟೀಯೇನು?” ಎಂದು ಕೇಳಿಕೊಂಡು ಹೋದರು.

ಇಷ್ಟೆಲ್ಲ ಮಾಡಿಯೂ ಮೊದಲ ವಾರ ಕೂದಲು ಹಳೆಯ ನಾರೇ. ಅವಳಿಗೆ ಬೆಂಗಳೂರಿನಲ್ಲಿ ಬರುವ ಅಲೆ ಇಲ್ಲಿ ಬರಲೊಲ್ಲದು. ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ಅದೇ ದಿನ ಬಚ್ಚಲಿನ ಗೀಸರು ಕೆಟ್ಟಿತು. ರಿಪೇರಿಯವನು ಬಂದು ಬಿಚ್ಚಿದ. ಒಳಗಿನ ಕಾಯಿಲನ್ನು ಹೊರಗೆಳೆದು ಅಂಗಳದ ಕಲ್ಲಿನ ಮೇಲೆ ಇಟ್ಟರೆ, ತಾಮ್ರ ಎಲ್ಲಿದೆ ಎಂದು ಹುಡುಕಬೇಕು: ಬೆರಳು ದಪ್ಪ ಬಿಳಿ ಸುಣ್ಣ, ಹವಳದ ಕಡ್ಡಿಯ ಹಾಗೆ ಬೆಳೆದು ನಿಂತಿದೆ. ಅವನು ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ಏಟು ಕೊಟ್ಟ. ಚಕ್ಕೆ ಚಕ್ಕೆಯಾಗಿ ಉದುರಿತು. “ಬೋರ್ ನೀರು ಅಕ್ಕಾ, ಈ ಕಡಿ ಎಲ್ಲಾ ಹಿಂಗ. ವರ್ಷಕ್ಕೊಮ್ಮಿ ತೆಗೆಸ್ರಿ” ಎಂದ.

ಮಗಳು ಆ ಚಕ್ಕೆಯನ್ನು ಕೈಯಲ್ಲಿ ಹಿಡಿದು ನೋಡಿದಳು, ನನ್ನ ತಲೆಯನ್ನು ನೋಡಿದಳು. ನಾನು ನಮ್ಮತ್ತೆಯನ್ನು ನೋಡಿದೆ.

ಬಂಡೆಯ ಸೀಮೆಯಲ್ಲಿ ನೂರಾರು ಅಡಿ ಕೊರೆದು ಎತ್ತಿದ ನೀರು ಬರುವಾಗ ಸುಣ್ಣವನ್ನೂ ಮೆಗ್ನೀಸಿಯಮ್ಮನ್ನೂ ಕಟ್ಟಿಕೊಂಡು ಬರುತ್ತದೆ. ಸೋಪು ಅದರ ಜೊತೆ ಸೇರಿದರೆ ನೊರೆ ಬರುವುದಿಲ್ಲ, ಜಿಡ್ಡಾದ ಬಿಳಿ ಗಸಿ ಆಗಿ ಕೂದಲಿಗೆ ಮೆತ್ತುತ್ತದೆ. ನಾನು ಹುಡುಗಿಯಾಗಿದ್ದಾಗ ತಲೆ ಎರೆದುಕೊಂಡದ್ದು ಹೊಳೆ ನೀರಿನಲ್ಲಿ. ಇಲ್ಲಿ ಬಂದ ಮೇಲೆ ಗಡಸು ನೀರಿನಲ್ಲಿ. ಕಾಯಿಲಿಗೆ ಆದದ್ದೇ ಒಂದಿಷ್ಟು ಕಡಿಮೆ ಪ್ರಮಾಣದಲ್ಲಿ ನನ್ನ ಕೂದಲಿಗೂ ಆಗಿದೆ. ಅಲೆಗೂದಲಿಗೆ ಇದು ಇನ್ನೂ ಹೆಚ್ಚು ಕಾಣುತ್ತದೆ, ಯಾಕೆಂದರೆ ನೆತ್ತಿಯ ಜಿಡ್ಡು ನೆಟ್ಟನೆಯ ಕೂದಲಿನಲ್ಲಿ ಸರಾಗ ಇಳಿದ ಹಾಗೆ ತಿರುವುಗಳಲ್ಲಿ ಇಳಿಯುವುದಿಲ್ಲ. ತುದಿ ಮೊದಲೇ ಒಣಗಿರುತ್ತದೆ, ಅದರ ಮೇಲೆ ಸುಣ್ಣ. ಬೋರ್‌ವೆಲ್ ಮಾಡಿದ ತಪ್ಪನ್ನು ಮೂವತ್ತು ವರ್ಷ ಅತ್ತೆಯ ಸೀಗೆಪುಡಿಯ ತಲೆಗೆ ಕಟ್ಟಿದ್ದೆ. ಹೇಳಿ ಕ್ಷಮೆ ಕೇಳೋಣವೆಂದರೆ, ಅಂಥ ಅನುಮಾನ ನನಗಿತ್ತೆಂದು ಅವರಿಗೆ ಗೊತ್ತೇ ಇಲ್ಲ. ಹೊಸದಾಗಿ ಗೊತ್ತುಮಾಡಿಸುವುದು ಯಾಕೆ ಎಂದು ಬಿಟ್ಟೆ.

ಸೀಗೆಪುಡಿ ನಿಜಕ್ಕೂ ಇಂಥ ನೀರಿಗೆ ಸೋಪಿಗಿಂತ ವಾಸಿ. ಸೀಗೆಕಾಯಿ, ಅಂಟುವಾಳಕಾಯಿಗಳ ನೊರೆ ಬರುವುದು ಸಪೋನಿನ್ ಎಂಬ ಪದಾರ್ಥದಿಂದ. ಅದು ಸುಣ್ಣದ ನೀರಿನಲ್ಲಿ ಸೋಪಿನಂತೆ ಗಸಿಯಾಗುವುದಿಲ್ಲ. ಆದರೆ ನಮ್ಮತ್ತೆ ಮಾಡುತ್ತಿದ್ದುದೂ ಪೂರಾ ಸರಿ ಇರಲಿಲ್ಲ ಎಂದು ಹೇಳಲೇಬೇಕು. ಪುಡಿಯನ್ನು ಹಿಟ್ಟಿನಂತೆ ಕಲಸಿ ತಲೆಗೆ ಹಾಕಿ ಗಸಗಸ ಉಜ್ಜುವುದು. ನೆಟ್ಟನೆಯ ಕೂದಲಾದರೆ ಎರಡು ಚೊಂಬು ನೀರಿಗೆ ಹೋದೀತು. ನನ್ನಂಥವಳ ತಲೆಯಲ್ಲಿ ಆ ತರಿ ತಿರುವು ತಿರುವಿಗೂ ಮನೆ ಮಾಡಿಕೊಂಡು, ಭಾನುವಾರ ಎರೆದುಕೊಂಡರೆ ಬುಧವಾರದವರೆಗೂ ದಿಂಬಿನ ಮೇಲೆ ಉದುರುತ್ತಿತ್ತು. ಕಣ್ಣಿಗೆ ಬಿದ್ದರೆ ಅದರ ಕಥೆಯೇ ಬೇರೆ. ಈಗ ಕಾಯಿಯನ್ನೇ ಜಜ್ಜಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದ್ದಿಸಿ, ಬಟ್ಟೆಯಲ್ಲಿ ಸೋಸಿ ನೀರನ್ನಷ್ಟೇ ಹಾಕಿಕೊಳ್ಳುತ್ತೇವೆ. ಸೀಗೆ ಒಣಗಿಸುವ ಗುಣದ್ದು, ಆದ್ದರಿಂದ ಒಂದು ಹಿಡಿ ದಾಸವಾಳದ ಎಲೆ ಕಿವುಚಿ ಅದರ ಲೋಳೆ ಸೇರಿಸುವುದು. ಕಡೆಗೆ ಒಂದು ಚೊಂಬು ನೀರಿಗೆ ಅರ್ಧ ಹೋಳು ನಿಂಬೆಹಣ್ಣು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹಂಡೆ ಬೆಳಗುತ್ತದಲ್ಲ, ಅದೇ ಲೆಕ್ಕ.

ಎಲ್ಲಕ್ಕಿಂತ ದೊಡ್ಡ ಸುಧಾರಣೆ ಬಂದದ್ದು ಊರಿನ ಫಿಲ್ಟರ್ ನೀರಿನಿಂದ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಒಂದು ಕ್ಯಾನು ಕುಡಿಯಲು, ಒಂದು ತಲೆಗೆ. ಎರಡನೆಯ ಕ್ಯಾನು ಹಿಡಿಯುವಾಗ ಸಾಲಿನಲ್ಲಿದ್ದವರು, “ಬೀಗರು ಬಂದಾರೇನ್ರಿ?” ಎಂದರು. ಮಗಳು ಮುಚ್ಚುಮರೆಯಿಲ್ಲದೆ, “ಇಲ್ಲ ಆಂಟಿ, ಕೂದಲಿಗೆ” ಎಂದಳು. ಸಾಲಿನಲ್ಲಿ ಒಂದು ಗಳಿಗೆ ಮೌನ. ಮೇ ತಿಂಗಳು, ನಲವತ್ತರ ಮೇಲೆ ಬಿಸಿಲು, ಬಳ್ಳಾರಿ ಸೀಮೆ. ಕೂದಲಿಗೆ ಕುಡಿಯುವ ನೀರು! ಮರುದಿನ ಮುಂಜಾನೆ ಅದೇ ಸಾಲಿನಲ್ಲಿದ್ದ ಇಬ್ಬರು ಮನೆಗೆ ಬಂದು, “ಎಷ್ಟು ಚೊಂಬು ಹಾಕ್ತೀರಿ?” ಎಂದು ಮೆಲ್ಲಗೆ ಕೇಳಿದರು. ಬೋರ್ ನೀರಿನಲ್ಲೇ ತೊಳೆದು, ಕೊನೆಗೆ ಎರಡೇ ಎರಡು ಚೊಂಬು ಈ ನೀರು ಸುರಿದುಕೊಂಡರೆ ಸಾಕು. ಪೂರಾ ಕ್ಯಾನು ಹಾಕಿದರೆ ಅದು ಸೊಕ್ಕು.

ಇನ್ನು ಎಣ್ಣೆ. ಕೊಬ್ಬರಿ ಎಣ್ಣೆಯ ವಿಷಯದಲ್ಲಿ ನಮ್ಮವ್ವ ಗೆದ್ದಿದ್ದಾಳೆ, ಅರ್ಧ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ 2003ರಲ್ಲಿ ಬಂದ ಒಂದು ಅಧ್ಯಯನ, ಕೂದಲಿನ ಪ್ರೋಟೀನು ತೊಳೆದುಹೋಗುವುದನ್ನು ಕಡಿಮೆ ಮಾಡುವುದು ಕೊಬ್ಬರಿ ಎಣ್ಣೆ ಮಾತ್ರ ಎಂದಿತು. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ, ಅದು ಬೇರೆ ಮಾತು. ಎರೆದುಕೊಳ್ಳುವ ಮುಂಚಿನ ರಾತ್ರಿ ನಾಲ್ಕು ಹನಿ ಹಚ್ಚುವುದು ಒಳ್ಳೆಯದೇ. ಎರೆದುಕೊಂಡ ಮೇಲೆ ಬಟ್ಟಲುಗಟ್ಟಲೆ ಸುರಿದರೆ ಅಲೆ ಭಾರಕ್ಕೆ ಜೋತುಬಿದ್ದು, ತಲೆ ಮಿರ್ಚಿ ಬಾಂಡಲೆಯಿಂದ ತೆಗೆದ ಹಾಗೆ ಕಾಣುತ್ತದೆ.

ಈಗ ಅಗಸಿಯ ಪ್ರಕರಣ. ಅಲೆ ನಿಲ್ಲಬೇಕಾದರೆ ಒಂದು ಜೆಲ್ ಬೇಕು, ಅಂಗಡಿಯಲ್ಲಿ ಅದರ ಬೆಲೆ ಕೇಳಿದರೆ ಇದ್ದ ಅಲೆಯೂ ಇಳಿಯುತ್ತದೆ. ಮನೆಯಲ್ಲೇ ಮಾಡೋಣ ಎಂದ ಮಗಳು ಅಡುಗೆಮನೆಗೆ ಹೋಗಿ ಡಬ್ಬಿ ಡಬ್ಬಿ ಮೂಸಿ ಅಗಸಿ ತೆಗೆದಳು. ನಮ್ಮತ್ತೆ ಅದನ್ನು ಅಗಸಿ ಹಿಂಡಿ ಕುಟ್ಟಲು ಆರಿಸಿ ಇಟ್ಟದ್ದು. ತಿನ್ನುವ ಪದಾರ್ಥವನ್ನು ತಲೆಗೆ ಹಚ್ಚುವುದನ್ನು ಅವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ ಎಂದರು. ಹೆಸರು ಹಿಟ್ಟು, ಮೆಂತೆ, ಮೊಸರು ತಲೆಗೆ ಹಾಕುವುದನ್ನು ಮಾತ್ರ ಅವರೇ ನಮಗೆಲ್ಲ ಕಲಿಸಿದ್ದು. ಅದನ್ನು ನಾನು ನೆನಪಿಸಲಿಲ್ಲ.

ಎರಡು ಚಮಚ ಅಗಸಿಗೆ ಒಂದೂವರೆ ಲೋಟ ನೀರು. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ, ಕೈಯಾಡಿಸುತ್ತಲೇ ಇರಬೇಕು. ಸೌಟು ಎತ್ತಿದರೆ ತತ್ತಿಯ ಬಿಳಿಯಂತೆ ನೂಲು ಬರಬೇಕು. ಬಂದ ಕೂಡಲೇ ಇಳಿಸಿ ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದರೆ ಮುಗಿಯಿತು, ಅದು ಬಟ್ಟೆ ಬಿಟ್ಟು ಇಳಿಯುವುದಿಲ್ಲ. ಮೊದಲ ದಿನ ಆರಿಸಿಬಿಟ್ಟು, ಪಂಚೆಯ ಒಂದು ತುದಿ ನಾನು, ಇನ್ನೊಂದು ತುದಿ ಅವಳು ಹಿಡಿದು ತಿರುವಿದ್ದನ್ನು ನೋಡಿದರೆ ಕಬ್ಬಿನ ಗಾಣ ನೆನಪಾಗಬೇಕು. ಎರಡನೆಯ ದಿನ ಸರಿಬಂತು. ನಿರ್ಮಲವಾದ, ಹೊಂಬಣ್ಣದ, ಜೋಲುವ ಲೋಳೆ. ಸ್ಟೀಲ್ ಬಟ್ಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆವು. ನಮ್ಮ ಬಿಸಿಲಿಗೆ ಹೊರಗಿಟ್ಟರೆ ಸಂಜೆಗೆ ಹುಳಿ. ಒಳಗಿಟ್ಟರೆ ಒಂದು ವಾರ ನಡೆಯುತ್ತದೆ.

ಮಧ್ಯಾಹ್ನ ನಮ್ಮ ಮನೆಯವರು ಬಿಸಿಲಲ್ಲಿ ಬೆಂದು ಬಂದರು. ನಾವು ಮಲಗಿದ್ದೆವು. ಎದ್ದು ನೋಡಿದರೆ ಬಟ್ಟಲು ಖಾಲಿ, ತೊಳೆದು ಬೋರಲು ಹಾಕಿದ್ದಾರೆ.

“ರೀ, ಫ್ರಿಜ್ಜಿನಾಗ ಒಂದು ಬಟ್ಟಲಿತ್ತು…”

“ಗಂಜಿ ಏನು? ಮಜ್ಜಿಗಿ ಹಾಕ್ಕೊಂಡು ಕುಡದೆ. ತಣ್ಣಗ ಛಲೋ ಇತ್ತು. ಉಪ್ಪು ಒಂದು ಕಮ್ಮಿ.”

ಮಗಳು ಪಡಸಾಲೆಯಲ್ಲಿ ಬಿದ್ದು ಬಿದ್ದು ನಕ್ಕಳು. ನಮ್ಮತ್ತೆಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಅಗಸಿ ಕೊನೆಗೂ ಸೇರಬೇಕಾದ ಕಡೆ ಸೇರಿತು ಎಂಬುದು ಅವರ ಸಮಾಧಾನ. ಮರುದಿನ ಬೆಳಿಗ್ಗೆ ನಮ್ಮವರು ಹೊಟ್ಟೆ ಹೂವಿನಂತೆ ಹಗುರಾಯಿತು ಎಂದು ಹೇಳಿ, ಇನ್ನು ವಾರಕ್ಕೊಮ್ಮೆ ಈ ಗಂಜಿ ಇರಲಿ ಎಂದರು. ಈಗ ಎರಡು ಬಟ್ಟಲು ಮಾಡುತ್ತೇವೆ.

ಆ ಜೆಲ್ಲನ್ನು ಒದ್ದೆ ಕೂದಲಿಗೆ ಸವರಿ, ಮಂಡಕ್ಕಿ ಹಿಂಡಿದಂತೆ ಹಿಂಡಿ, ಮುಟ್ಟದೆ ಒಣಗಿಸಿದರೆ ತಲೆ ಹಪ್ಪಳದಂತೆ ಗರಿಗರಿ ಆಗುತ್ತದೆ. ಕೆಟ್ಟಿತು ಎಂದು ಹೆದರಬಾರದು. ಪೂರಾ ಒಣಗಿದ ಮೇಲೆ ಅದೇ ಕೈಯಿಂದ ಮೆಲ್ಲಗೆ ಹಿಚುಕಿದರೆ ಹಪ್ಪಳ ಮುರಿದು ಒಳಗಿನ ಅಲೆ ಮೆತ್ತಗೆ ಬಿಚ್ಚಿಕೊಳ್ಳುತ್ತದೆ. ಒಣಗಿಸಲು ಮಗಳು ಡಿಫ್ಯೂಸರ್ ಎಂಬ, ತೂತುತೂತಿನ ತಟ್ಟೆ ಸಿಗಿಸಿದ ಯಂತ್ರ ತಂದಿದ್ದಳು. ನಮ್ಮತ್ತೆ ಅದನ್ನು ತಿರುಗಿಸಿ ನೋಡಿ, ಅಟ್ಟದಿಂದ ಹಳೆಯ ಬಿದಿರ ಬುಟ್ಟಿ ಇಳಿಸಿದರು. ಕೆಂಡ, ಲೋಬಾನ, ಮೇಲೆ ಬೋರಲು ಬುಟ್ಟಿ, ಬುಟ್ಟಿಯ ಮೇಲೆ ಕೂದಲು. ಬಾಣಂತಿಯರ ಕೂದಲು ಒಣಗಿಸಿದ ಬುಟ್ಟಿ ಅದು, ನನ್ನದೂ ಸೇರಿ. ಬಿಸಿ ಮೆಲ್ಲಗೆ, ತೂತುಗಳಲ್ಲಿ ಹರಡಿ ಬರುತ್ತದೆ, ಕೂದಲು ಹಾರುವುದಿಲ್ಲ. ಯಂತ್ರಕ್ಕೂ ಬುಟ್ಟಿಗೂ ತತ್ವ ಒಂದೇ. ಕೆಮ್ಮು ಮಾತ್ರ ಬುಟ್ಟಿಯಲ್ಲಿ ಹೆಚ್ಚು.

ರಾತ್ರಿಯದೊಂದು ಗಲಾಟೆ ಬಾಕಿ. ಹತ್ತಿಯ ದಿಂಬಿನ ಮೇಲೆ ಹೊರಳಿದರೆ ಕೂದಲು ಉಜ್ಜಿ ಅಲೆ ಕೆಡುತ್ತದೆ, ರೇಷ್ಮೆ ಗವಸು ಬೇಕು ಎಂದಳು. ನನ್ನ ಮದುವೆಯ ಮೊಳಕಾಲ್ಮೂರು ಸೀರೆ ಮಡಿಕೆಯಲ್ಲಿ ಹರಿದಿತ್ತು, ಅದರ ಒಡಲನ್ನು ಕತ್ತರಿಸಿ ಎರಡು ಗವಸು ಹೊಲಿದೆವು. “ಸೀರಿ ತಲಿ ಕೆಳಗ, ನೈಟಿ ಮೈಮ್ಯಾಲೆ. ಕಾಲ ಉಲ್ಟಾ ಆತು” ಎಂದರು ನಮ್ಮತ್ತೆ. ಆದರೆ ಕಾಲ ಉಲ್ಟಾ ಆಗಿರುವುದು ಅವರು ತಿಳಿದಷ್ಟು ಹೊಸದಲ್ಲ. ತಿರುಮಕೂಡಲು ನರಸೀಪುರದ ನವಶಿಲಾಯುಗದ ನೆಲೆಯಲ್ಲಿ ಸುಟ್ಟ ಮಣ್ಣಿನ ತಲೆಯಾನು ಸಿಕ್ಕಿದೆ. ಜಪಾನಿನವರೂ ಆಫ್ರಿಕಾದ ಹಲವು ಬುಡಕಟ್ಟಿನವರೂ ಕಟ್ಟಿದ ಕೂದಲು ರಾತ್ರಿ ಕೆಡದಿರಲೆಂದು ಕತ್ತಿಗೆ ಇಟ್ಟುಕೊಳ್ಳುತ್ತಿದ್ದಂಥದೇ ಸಾಮಾನು. ಅದೇ ಯುಗದ ಊರು ನಮ್ಮದೂ. ಇಲ್ಲಿಯ ಗುಡ್ಡದಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದವರು, ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳ ಮೇಲೆ ಕೊಂಬಿನ ಹೋರಿಗಳನ್ನು ಕೆತ್ತಿದವರು, 3,500 ವರ್ಷಕ್ಕೂ ಹಿಂದೆ ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು. ಅಗೆದವರಿಗೆ ಸುಟ್ಟ ಕಾಳುಗಳೇ ಸಿಕ್ಕಿವೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಹೋದರೆ ಈ ಊರಿನ ಸಂಸಾರ ಅರ್ಧ ಅಲ್ಲಿದೆ. ಹೆಸರುಕಾಳು ಇತ್ತು ಎಂದ ಮೇಲೆ ಅದನ್ನು ಬೀಸಿ ತಲೆಗೆ ಹಾಕಿಕೊಂಡ ಹೆಂಗಸೊಬ್ಬಳು ಇದ್ದೇ ಇರುತ್ತಾಳೆ ಎಂಬುದು ನನ್ನ ಸಂಶೋಧನೆ. ಪುರಾವೆ ಕೇಳಬೇಡಿ, ನಾನು ಹರಟೆ ಹೊಡೆಯುತ್ತಿದ್ದೇನೆ.

ಈ ಎಲ್ಲ ಬದಲಾವಣೆಯಿಂದ ನಷ್ಟವಾದದ್ದು ನಮ್ಮತ್ತೆಗೆ. ನಮ್ಮ ಬೀದಿಗೆ ತಿಂಗಳಿಗೊಮ್ಮೆ ಬೈಕಿನಲ್ಲಿ ಒಬ್ಬ “ಕೂದ್ಲಾ… ಕೂದ್ಲು” ಎಂದು ಕೂಗಿಕೊಂಡು ಬರುತ್ತಾನೆ. ಬಾಚಿ ಉದುರಿದ ಕೂದಲನ್ನು ತೂಗಿ, ಸ್ಟೀಲ್ ಸಾಮಾನೋ ದುಡ್ಡೋ ಕೊಡುತ್ತಾನೆ. ಹೀಗೆ ಸೇರಿದ ಕೂದಲು ಹೋಗುವುದು ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ. ಅಲ್ಲಿ ಮನೆಮನೆಯಲ್ಲಿ ಹೆಂಗಸರು ಕೂತು ಸಿಕ್ಕು ಬಿಡಿಸಿ, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ, ಅದು ವಿಗ್ಗಿಗೆಂದು ಹೊರದೇಶಕ್ಕೆ ಹೋಗುತ್ತದೆ. ನಮ್ಮತ್ತೆ ಮನೆಯ ಮೂರು ಹೆಂಗಸರ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಗಿಸಿ, ವರ್ಷಕ್ಕೆ ಎರಡು ಬಟ್ಟಲು ಸಂಪಾದಿಸುತ್ತಿದ್ದರು. ಗಂಜಿ ಇಟ್ಟ ಬಟ್ಟಲೂ ಆ ಸಂಪಾದನೆಯದೇ. ಈಗ ಒಣ ಬಾಚುವುದು ನಿಂತು ಮುರಿದು ಬೀಳುವ ಕೂದಲೇ ಇಲ್ಲ. ದಿನಕ್ಕೆ ಐವತ್ತರಿಂದ ನೂರು ತಾನಾಗಿ ಉದುರುವುದು ಸಹಜ, ಒಂದು ವಾರದ್ದು ಒಟ್ಟಿಗೆ ಎರೆದುಕೊಳ್ಳುವ ದಿನ ಕೈಗೆ ಬಂದು ಎದೆ ಝಲ್ ಎನ್ನಿಸುತ್ತದೆ. ಅದು ಲೆಕ್ಕಕ್ಕೆ ಸರಿಯಾದದ್ದೇ, ಹೆದರಬೇಡಿ. ಆದರೆ ಅದು ಬಚ್ಚಲ ನೀರಿನಲ್ಲಿ ಹೋಗುತ್ತದೆ. ಕೂದಲಿನವನು ಎರಡು ಸಲ ಬಂದು ಬರಿಗೈಯಲ್ಲಿ ಹೋದ. “ನಿಮ್ಮ 2ಬಿಯಿಂದ ನನ್ನ ಬಟ್ಟಲು ಹೋತು” ಎಂದು ನಮ್ಮತ್ತೆ ಇವತ್ತಿಗೂ ಹೇಳುತ್ತಾರೆ. ಮಗಳು ಬಚ್ಚಲ ಜಾಲರಿಗೆ ಹಳೇ ಚಹಾ ಸೋಸುವ ಬಲೆ ಹಾಕಿಕೊಟ್ಟು ಹೋಗಿದ್ದಾಳೆ.

ಅವಳು ಬೆಂಗಳೂರಿಗೆ ಹೋದ ಮೇಲೂ ಭಾನುವಾರದ ವ್ರತ ನಡೆದಿದೆ. ಫಿಲ್ಟರ್ ಕೆಟ್ಟ ವಾರ ನಾನು ಜಡೆ ಹಾಕಿಕೊಳ್ಳುತ್ತೇನೆ, ಯಾರೂ ನನ್ನನ್ನು ವ್ರತಭ್ರಷ್ಟೆ ಎಂದಿಲ್ಲ. ಕುರುಗೋಡಿನ ನಾದಿನಿ ಹೋದ ವಾರ ಬಂದು ನನ್ನ ಕೂದಲಲ್ಲಿ ಮಲ್ಲಿಗೆ ಜಾರದೆ ನಿಂತದ್ದನ್ನು ನೋಡಿ, “ವೈನಿ, ಹಿಂಗ ಅಲಿ ಬರೂದಕ್ಕ ಪಾರ್ಲರಿನಾಗ ಎಷ್ಟು ತಗೋತಾರ?” ಎಂದು ಕೇಳಿದಳು. ನಾನು 4,500 ಎಂದೆ.

ನೀವೂ ನಮ್ಮೂರ ಗುಡ್ಡ ನೋಡಲು ಬಂದರೆ ಮನೆಗೆ ಬನ್ನಿ. ಬಿಸಿಲಿಗೆ ತಲೆಗೊಂದು ಬಟ್ಟೆ ಕಟ್ಟಿಕೊಳ್ಳಿ, ಕೆಂಧೂಳು ಬಹಳ. ಮತ್ತೆ, ನಮ್ಮ ಮನೆಯವರು ಪ್ರೀತಿಯಿಂದ ಫ್ರಿಜ್ಜು ತೆಗೆದು ಗಂಜಿ ಕೊಟ್ಟರೆ, ಯಾವ ಬಟ್ಟಲಿನದು ಎಂದು ಒಂದು ಮಾತು ಕೇಳಿ ಕುಡಿಯಿರಿ.